ಕಂಪನಿಯ ನಕ್ಷೆಗಳನ್ನು ತಿದ್ದಿದವರು

ಈಗ ಯಾವ ಆಫೀಸಿಗೆ ಹೋದರೂ ‘ನಾಲೆಜ್ ಬೇಸ್’ ಎನ್ನುವ ಮಾತು ಕಿವಿಗೆ ಬೀಳುತ್ತದೆ. ಕಂಪನಿಯ ಎಲ್ಲರೂ ತಮಗೆ ಗೊತ್ತಿದ್ದನ್ನು ಒಂದು ಕಡೆ ಬರೆದಿಡುವುದು, ಬೇಕಾದವರು ಅಲ್ಲಿಂದ ತೆಗೆದು ನೋಡಿಕೊಳ್ಳುವುದು - ಇಷ್ಟೇ ಅದರ ಅರ್ಥ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹೇಳುವ ಪ್ರಕಾರ, ಅದನ್ನು ಶುರು ಮಾಡುವ ದಿನ ಕೇಕ್ ಕತ್ತರಿಸುತ್ತಾರಂತೆ. ಎರಡು ವರ್ಷ ಕಳೆದ ಮೇಲೆ ಅದರಲ್ಲಿ ಬರೆದಿರುವುದು ಈಗಲೂ ನಿಜವೋ ಅಲ್ಲವೋ ಎಂದು ಕೇಳಿದರೆ ಹೇಳುವವರೇ ಇರುವುದಿಲ್ಲವಂತೆ. "ಮಾವ, ಬರಿಯೂಕೆ ನೂರ್ ಜನ, ಅಳ್ಸೂಕೆ ಒಬ್ರೂ ಇಲ್ಲ" ಅಂದ ಮೊನ್ನೆ ಫೋನಿನಲ್ಲಿ.

ಇದೆಲ್ಲ ಕಂಪ್ಯೂಟರು ಬಂದ ಮೇಲಿನ ತಾಪತ್ರಯ ಅಂತ ಅವನ ಎಣಿಕೆ. ಅಲ್ಲ. ನಾನು ಮುಂಬಯಿಯ ಬೆಲಾರ್ಡ್ ಎಸ್ಟೇಟಿನಲ್ಲಿ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗುಮಾಸ್ತಿಕೆ ಮಾಡಿದವನು. ಹಡಗಿನವರಿಗೆ ಈ ಕಾಯಿಲೆ ನಾಲ್ಕು ಶತಮಾನಗಳಿಂದ ಗೊತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದೂ ಇದೆ. ಆ ಕಥೆಯಲ್ಲಿ ನಮ್ಮ ಮುಂಬಯಿಗೆ ದೊಡ್ಡ ಪಾಲಿದೆ, ನಮ್ಮ ಕರಾವಳಿಗೂ ಒಂಚೂರು ಪಾಲಿದೆ. ಹಾಗಾಗಿ ಬರೆಯೋಣ ಅನ್ನಿಸಿತು.

ಕಂಪನಿಯ ತಿಳಿವಳಿಕೆಯ ಮಾತಾಡುವುದಾದರೆ ‘ಕಂಪನಿ’ಯಿಂದಲೇ ಶುರು ಮಾಡಬೇಕು. ನಮ್ಮ ಹಿರಿಯರು ಕಂಪನಿ ಸರಕಾರ ಎನ್ನುತ್ತಿದ್ದರಲ್ಲ, ಅದೇ ಈಸ್ಟ್ ಇಂಡಿಯಾ ಕಂಪನಿ. ಅದರ ಲೂಟಿ, ಯುದ್ಧ, ಅಫೀಮಿನ ವ್ಯಾಪಾರ ಎಲ್ಲ ನಮಗೆ ಗೊತ್ತಿದ್ದದ್ದೇ. ಅದರ ಹಡಗುಗಳು ಸುರಕ್ಷಿತವಾಗಿ ಬಂದು ಹೋದದ್ದಕ್ಕೆ ನಾವೇನೂ ಸಂತೋಷ ಪಡಬೇಕಾಗಿಲ್ಲ. ಆದರೆ ಇವತ್ತಿನ ವಿಷಯ ಅದರ ಕಾಗದಪತ್ರ. 1600ರ ಡಿಸೆಂಬರ್ 31ರಂದು ರಾಣಿಯಿಂದ ಸನದು ಪಡೆದ ಈ ಕಂಪನಿ, ಹಡಗುಗಳನ್ನು ಆಫ್ರಿಕಾದ ತುದಿ ಬಳಸಿ ಇಲ್ಲಿಗೆ ಕಳಿಸುತ್ತಿತ್ತು. ಒಂದು ದಿಕ್ಕಿನ ಪ್ರಯಾಣಕ್ಕೇ ಆರು ತಿಂಗಳ ಆಸುಪಾಸು. ದಾರಿಯಲ್ಲಿ ಕೇಳುವವರಿಲ್ಲ, ಹೇಳುವವರಿಲ್ಲ.

ಹಾಗಾಗಿ ಕಂಪನಿ ಒಂದು ಪದ್ಧತಿ ಇಟ್ಟುಕೊಂಡಿತ್ತು. ಪ್ರತಿ ಹಡಗಿನ ಕಪ್ತಾನ ದಿನಚರಿ ಬರೆಯಬೇಕು - ಗಾಳಿ ಎತ್ತ ಬೀಸಿತು, ಎಷ್ಟು ದೂರ ಸಾಗಿದೆವು, ಮಧ್ಯಾಹ್ನ ಸೂರ್ಯನನ್ನು ಅಳೆದಾಗ ಎಲ್ಲಿದ್ದೆವು, ಎಲ್ಲಿ ಬಂಡೆ ಕಂಡಿತು, ಎಲ್ಲಿ ನೀರು ಎಷ್ಟು ಆಳ. ಲಂಡನ್ನಿಗೆ ಮರಳಿದ ಮೇಲೆ ಆ ಪುಸ್ತಕವನ್ನು ಕಂಪನಿಗೆ ಒಪ್ಪಿಸಬೇಕು. ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಹೀಗೆ ಬಂದ ದಿನಚರಿಗಳು ರಾಶಿಯಾದವು. 1605ರಿಂದ ಮೊದಲಾದ ಇಂಥ ಸಾವಿರಾರು ದಿನಚರಿಗಳು ಈಗಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ನೋಡಿ, ಇದು ಆ ಕಾಲದ ನಾಲೆಜ್ ಬೇಸ್. ಎಲ್ಲರೂ ಬರೆಯುತ್ತಾರೆ, ಒಂದೇ ಜಾಗದಲ್ಲಿ ಇರುತ್ತದೆ. ಇನ್ನೇನು ಬೇಕು?

ಬೇಕಾದದ್ದು ಓದುವವನು! ಹತ್ತು ಕಪ್ತಾನರು ಒಂದೇ ದ್ವೀಪವನ್ನು ಹತ್ತು ಜಾಗದಲ್ಲಿ ಬರೆದಿದ್ದರೆ ಯಾವುದು ಸರಿ ಎಂದು ಕೂತು ತಾಳೆ ನೋಡುವುದನ್ನೇ ಕೆಲಸ ಮಾಡಿಕೊಂಡ ಕಾಯಂ ಮನುಷ್ಯ ಬಹುಕಾಲ ಅಲ್ಲಿ ಇರಲಿಲ್ಲ. ರಾಶಿ ಬೆಳೆಯುತ್ತಿತ್ತು, ಅಷ್ಟೆ. ಕಪ್ತಾನರು ಲಂಡನ್ನಿನ ಖಾಸಗಿ ವ್ಯಾಪಾರಿಗಳ ಹತ್ತಿರ ನಕ್ಷೆ ಕೊಳ್ಳುತ್ತಿದ್ದರು. ಆ ನಕ್ಷೆಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುತ್ತಿದ್ದರು. ತಗಡು ಕೊರೆಯುವುದು ಖರ್ಚಿನ ಬಾಬತ್ತು. ಹಾಗಾಗಿ ಒಮ್ಮೆ ಕೊರೆದ ತಪ್ಪು ಹತ್ತಾರು ವರ್ಷ ಮತ್ತೆ ಮತ್ತೆ ಅಚ್ಚಾಗುತ್ತಿತ್ತು. ಹೊಸ ಕಾಗದ, ಹಳೆಯ ತಪ್ಪು.

ಇಲ್ಲಿ ತಪ್ಪು ಹೇಗೆ ಹುಟ್ಟುತ್ತಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ಸಮುದ್ರದ ಮೇಲೆ ಅಕ್ಷಾಂಶ ಹಿಡಿಯುವುದು ಕಷ್ಟವಲ್ಲ. ಮಧ್ಯಾಹ್ನದ ಸೂರ್ಯನ ಎತ್ತರ ಅಳೆದರೆ ಆಯಿತು. ರೇಖಾಂಶ ಹಾಗಲ್ಲ. ಅದಕ್ಕೆ ಊರಿನ ಗಂಟೆ ಈಗ ಎಷ್ಟಾಗಿದೆ ಎಂದು ಗೊತ್ತಿರಬೇಕು. ತೂಗಾಡುವ ಹಡಗಿನಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆಯುವ ಗಡಿಯಾರ ಇಂಗ್ಲೆಂಡಿನ ಜಾನ್ ಹ್ಯಾರಿಸನ್ನನ ಕೈಯಲ್ಲಿ ರೂಪುಗೊಂಡದ್ದೇ 18ನೇ ಶತಮಾನದ ನಡುವಿನಲ್ಲಿ. ಅದು ಸಾಮಾನ್ಯ ಹಡಗುಗಳಿಗೆ ಬರಲು ಮತ್ತೆ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಪೂರ್ವ-ಪಶ್ಚಿಮದ ಲೆಕ್ಕ ಅಂದಾಜು. ಒಬ್ಬ ಕಪ್ತಾನ ಒಂದು ದ್ವೀಪ ಕಂಡ. ಅಂದಾಜಿನ ಜಾಗದಲ್ಲಿ ಬರೆದ. ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬ ಅದೇ ದ್ವೀಪ ಕಂಡ. ಬೇರೆ ಜಾಗದಲ್ಲಿ ಬರೆದು ಬೇರೆ ಹೆಸರಿಟ್ಟ. ನಕ್ಷೆ ಮಾಡುವವನು ಎರಡನ್ನೂ ಬಿಡಿಸಿದ. ಒಂದು ದ್ವೀಪ ಎರಡಾಯಿತು! ಇನ್ನೊಂದು ಕಡೆ ನಿಜವಾಗಿ ದ್ವೀಪ ಇದ್ದ ಜಾಗದಲ್ಲಿ ಬರೀ ನೀಲಿ ನೀರು.

ಫ್ರೆಂಚರ ಕಂಪನಿಯಲ್ಲಿ ಇದಕ್ಕೆ ಮೊದಲು ಕೈ ಹಾಕಿದವನು ದಪ್ರೆ ದ ಮಾನ್‌ವಿಲೆಟ್ ಎಂಬ ಕಪ್ತಾನ. 1745ರಲ್ಲಿ ಹಿಂದೂ ಮಹಾಸಾಗರದ ನಕ್ಷೆಗಳ ದೊಡ್ಡ ಪುಸ್ತಕ ಹೊರತಂದ. ಆಮೇಲೆ ಸುಮ್ಮನೆ ಕೂರಲಿಲ್ಲ. ಮೂವತ್ತು ವರ್ಷ ಹೊಸ ಮಾಹಿತಿ ಸೇರಿಸುತ್ತಾ ತನ್ನದೇ ಪುಸ್ತಕವನ್ನು ತಿದ್ದಿ 1775ರಲ್ಲಿ ಮತ್ತೆ ಅಚ್ಚು ಹಾಕಿಸಿದ.

ಇಂಗ್ಲಿಷ್ ಕಂಪನಿಗೆ ಬುದ್ಧಿ ಬಂದದ್ದು 1779ರಲ್ಲಿ. ಅಲೆಕ್ಸಾಂಡರ್ ಡಾಲ್ರಿಂಪಲ್ ಎಂಬ ಸ್ಕಾಟ್‌ಲೆಂಡಿನವನನ್ನು, ಹಡಗುಗಳ ದಿನಚರಿಗಳನ್ನು ಪರಿಶೀಲಿಸಿ ನಕ್ಷೆ ಪ್ರಕಟಿಸುವ ಕೆಲಸಕ್ಕೆಂದೇ ನೇಮಿಸಿತು. ಈತ ಹದಿಹರೆಯದಲ್ಲೇ ಮದರಾಸಿಗೆ ಕಂಪನಿಯ ಗುಮಾಸ್ತನಾಗಿ ಬಂದವನು. (ಗುಮಾಸ್ತರ ಬಗ್ಗೆ ನನಗೆ ವಿಶೇಷ ಅಭಿಮಾನ, ಕ್ಷಮಿಸಿ!) ಮಹಾ ಜಗಳಗಂಟ ಎಂದು ಹೆಸರು. ಆದರೆ ಕೆಲಸದಲ್ಲಿ ಒಂದು ಶಿಸ್ತು ಇತ್ತು. ನೂರಾರು ಬಂದರು, ದ್ವೀಪ, ಕೊಲ್ಲಿಗಳ ನಕ್ಷೆ ಪ್ರಕಟಿಸಿದ. ಅವುಗಳ ಮೇಲೆ ಅದು ಯಾರು ಅಳೆದದ್ದು, ಯಾವಾಗ ಎಂದು ನಮೂದಿಸುವುದು ಅವನ ಕ್ರಮ. ಎಲ್ಲರ ಮಾತನ್ನೂ ಕಲಸಿ ಒಂದು ಚೆಂದದ ನಕ್ಷೆ ಮಾಡುವುದು ಸುಲಭ. ಆದರೆ ಆಮೇಲೆ ತಪ್ಪು ಸಿಕ್ಕಿದಾಗ ಅದು ಎಲ್ಲಿಂದ ಬಂತು ಎಂದು ಹುಡುಕಲು ದಾರಿಯೇ ಇರುವುದಿಲ್ಲ. ಮುಂದೆ 1795ರಲ್ಲಿ ಬ್ರಿಟಿಷ್ ನೌಕಾದಳವೂ ತನ್ನ ಮೊದಲ ಹೈಡ್ರೋಗ್ರಾಫರ್ ಆಗಿ ಇವನನ್ನೇ ತೆಗೆದುಕೊಂಡಿತು.

ಈಗ ಕಥೆಯ ನಾಯಕನಿಗೆ ಬರೋಣ. ಜೇಮ್ಸ್ ಹಾರ್ಸ್‌ಬರ್ಗ್. 1762ರಲ್ಲಿ ಸ್ಕಾಟ್‌ಲೆಂಡಿನ ಎಲಿ ಎಂಬ ಕಡಲ ತಡಿಯ ಊರಿನಲ್ಲಿ ಹುಟ್ಟಿದವನು. ಹದಿನಾರನೆಯ ವಯಸ್ಸಿಗೆ ಕಲ್ಲಿದ್ದಲು ಸಾಗಿಸುವ ಹಡಗು ಹತ್ತಿದ. 1780ರಲ್ಲಿ ಫ್ರೆಂಚರು ಹಿಡಿದು ಡನ್‌ಕರ್ಕಿನಲ್ಲಿ ಸೆರೆಯಲ್ಲಿಟ್ಟರು. ಬಿಡುಗಡೆಯಾದ ಮೇಲೆ ವೆಸ್ಟ್ ಇಂಡೀಸ್, ಆಮೇಲೆ ಕಲ್ಕತ್ತಾ, ಆಮೇಲೆ ಮುಂಬಯಿ ಕಡೆಯ ಹಡಗುಗಳು. ಹೊಟ್ಟೆಪಾಡಿಗೆ ಊರು ಬಿಟ್ಟು ಹಡಗು ಹತ್ತಿದವನ ಕಥೆ ನಮಗೆ ಹೊಸತೇನಲ್ಲ ಬಿಡಿ.

1786ರ ಮೇ ತಿಂಗಳಲ್ಲಿ ಆತ ‘ಅಟ್ಲಾಸ್’ ಎಂಬ ಹಡಗಿನಲ್ಲಿ ಫಸ್ಟ್ ಮೇಟ್, ಅಂದರೆ ಕಪ್ತಾನನ ನಂತರದ ಅಧಿಕಾರಿ. ಬಟೇವಿಯಾದಿಂದ (ಈಗಿನ ಜಕಾರ್ತಾ) ಸಿಂಹಳದ ಕಡೆಗೆ ಪ್ರಯಾಣ. ಹಡಗಿನಲ್ಲಿದ್ದ ನಕ್ಷೆಯನ್ನು ನಂಬಿ ನಡೆಸುತ್ತಿದ್ದರು. ಮೇ 30ರಂದು ಹಡಗು ಡಿಯಾಗೋ ಗಾರ್ಸಿಯಾ ದ್ವೀಪಕ್ಕೆ ಹೊಡೆದು ಒಡೆಯಿತು. ನಕ್ಷೆಯ ಪ್ರಕಾರ ದ್ವೀಪ ಅಲ್ಲಿ ಇರಬಾರದಿತ್ತು.

ಇನ್ನೂ ವಿಚಿತ್ರ ಕೇಳಿ. ಅದೇ ವರ್ಷ ಕಂಪನಿಯ ಮುಂಬಯಿ ಸರಕಾರ, ಡಿಯಾಗೋ ಗಾರ್ಸಿಯಾದಲ್ಲಿ ಹಡಗುಗಳಿಗೆ ತಂಗುದಾಣ ಮಾಡಬಹುದೇ ಎಂದು ನೋಡಲು ಒಂದು ತಂಡ ಕಳಿಸಿತ್ತು. ಆರ್ಚಿಬಾಲ್ಡ್ ಬ್ಲೇರ್ ಎಂಬ ಲೆಫ್ಟಿನೆಂಟ್ ಅಲ್ಲಿ ಅಳತೆ ಮಾಡಿ ದ್ವೀಪದ ನಕ್ಷೆ ಬಿಡಿಸಿದ. (ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಬಂದ ಹೆಸರು ಇವನದೇ. 2024ರಲ್ಲಿ ಅದು ಶ್ರೀ ವಿಜಯಪುರಂ ಆಯಿತು.) ಅಂದರೆ ಸರಿಯಾದ ತಿಳಿವಳಿಕೆ ಹುಟ್ಟಿದ ವರ್ಷ, ಅದು ಬೇಕಾದವನ ಹಡಗು ಒಡೆದ ವರ್ಷ, ಎರಡೂ ಒಂದೇ! ತಿಳಿದಿರುವುದು ಬೇರೆ, ತಿಳಿದದ್ದು ಬೇಕಾದವನ ಕೈಗೆ ಹೊತ್ತಿಗೆ ಸರಿಯಾಗಿ ಸೇರುವುದು ಬೇರೆ.

ಹಾರ್ಸ್‌ಬರ್ಗ್ ಬದುಕಿ ಮುಂಬಯಿಗೆ ಬಂದ. ಮುಂಬಯಿಯಿಂದ ಚೀನಾಕ್ಕೆ ಹೋಗುವ ಹಡಗಿನಲ್ಲಿ ಮತ್ತೆ ಕೆಳಗಿನ ದರ್ಜೆಯ ಕೆಲಸ ಸಿಕ್ಕಿತು. ಇನ್ನೊಬ್ಬನಾದರೆ ನಕ್ಷೆ ಮಾಡಿದವನಿಗೆ ಬೈದು ಮರೆಯುತ್ತಿದ್ದ. ಈತ ಮಾತ್ರ ಅಂದಿನಿಂದ ಹೋದಲ್ಲೆಲ್ಲ ಅಳೆಯಲು, ಬರೆಯಲು ಹಿಡಿದ. ನಕ್ಷೆ ಬಿಡಿಸುವುದನ್ನು, ಕೊರೆಯುವುದನ್ನು ತಾನೇ ಕಲಿತ. ಮಕಾಸರ್ ಜಲಸಂಧಿ, ಫಿಲಿಪ್ಪೀನ್ಸಿನ ಪಶ್ಚಿಮ ದಂಡೆ ಮೊದಲಾದ ನಕ್ಷೆಗಳನ್ನು ಮಾಡಿ ಡಾಲ್ರಿಂಪಲ್‌ಗೆ ತಲುಪಿಸಿದ. ಕಂಪನಿ ಅವನ್ನು ಪ್ರಕಟಿಸಿತು, ಉಪಕರಣ ಕೊಳ್ಳಲು ಹಣ ಕೊಟ್ಟಿತು. 1798ರಿಂದ ‘ಅನ್ನಾ’ ಎಂಬ ಹಡಗಿಗೆ ಕಪ್ತಾನನಾದ.

ಅವನ ಹಟ ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆ. 1802ರ ಏಪ್ರಿಲ್‌ನಿಂದ 1804ರ ಫೆಬ್ರವರಿವರೆಗೆ, ಹಗಲು ರಾತ್ರಿ ಎನ್ನದೆ ನಾಲ್ಕು ಗಂಟೆಗೊಮ್ಮೆ ಹಡಗಿನಲ್ಲಿ ವಾಯುಭಾರ ಮಾಪಕ ನೋಡಿ ಬರೆದಿಟ್ಟ. ಸುಮಾರು ಎರಡು ವರ್ಷ! ಅದರಿಂದ ಉಷ್ಣವಲಯದ ಕಡಲಿನಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ ಎಂದು ತೋರಿಸಿದ. ಇದು 1805ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು; ಮರುವರ್ಷ ಅವನನ್ನು ಆ ಸೊಸೈಟಿಯ ಸದಸ್ಯನನ್ನಾಗಿ ಮಾಡಿಕೊಂಡರು.

ಆಮೇಲೆ ಊರಿಗೆ ಮರಳಿ ತನ್ನ ದೊಡ್ಡ ಪುಸ್ತಕ ಬರೆದ. ಮೊದಲ ಸಂಪುಟ 1809ರಲ್ಲಿ, ಎರಡನೆಯದು 1811ರಲ್ಲಿ. ಮುಂದೆ ಹಡಗಿನವರ ಬಾಯಲ್ಲಿ ಅದು ‘ಇಂಡಿಯಾ ಡೈರೆಕ್ಟರಿ’ ಎಂದೇ ಪ್ರಸಿದ್ಧವಾಯಿತು. ಇಂಗ್ಲೆಂಡಿನಿಂದ ಭಾರತ, ಚೀನಾ, ಆಸ್ಟ್ರೇಲಿಯಾದವರೆಗಿನ ದಾರಿಯ ವಿವರ. ಯಾವ ತಿಂಗಳಲ್ಲಿ ಗಾಳಿ ಎತ್ತ, ಯಾವ ಗುಡ್ಡ ಕಂಡರೆ ಎಲ್ಲಿದ್ದೀರಿ, ತಳದಲ್ಲಿ ಕೆಸರೋ ಮರಳೋ. ಸೀಸದ ಗುಂಡಿನ ಅಡಿಗೆ ಕೊಬ್ಬು ಮೆತ್ತಿ ಹಗ್ಗಕ್ಕೆ ಕಟ್ಟಿ ಇಳಿಸಿದರೆ ತಳದ ಮಣ್ಣು ಅಂಟಿಕೊಂಡು ಬರುತ್ತದೆ. ಕತ್ತಲಲ್ಲೂ ಮಂಜಿನಲ್ಲೂ ಅದೇ ದಾರಿ ತೋರುವುದು. ನಮ್ಮ ಮೊಗವೀರರು ಮಾರು ಲೆಕ್ಕದಲ್ಲಿ ಆಳ ಹೇಳುವಂತೆ ಅವರದು ಫ್ಯಾದಮ್, ಆರು ಅಡಿ.

ಮುಂಬಯಿಯಿಂದ ಕನ್ಯಾಕುಮಾರಿಯವರೆಗಿನ ದಂಡೆಯೂ ಹಡಗಿನವರ ಈ ಲೆಕ್ಕದಲ್ಲಿ ಸೇರಿದ್ದೇ. ನಮ್ಮ ಊರುಗಳಿಗೆ ಅವರಿಟ್ಟ ಹೆಸರು ನೋಡಿದರೆ ನಗು ಬರುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿ ಅವರಿಗೆ ಪಿಜನ್ ಐಲ್ಯಾಂಡ್, ಪಾರಿವಾಳದ ದ್ವೀಪ. ಹೊನ್ನಾವರದ ಬಸವರಾಜದುರ್ಗ ಫೋರ್ಟಿಫೈಡ್ ಐಲ್ಯಾಂಡ್, ಕೋಟೆ ಇರುವ ದ್ವೀಪ. ಹಡಗಿನವನಿಗೆ ದೂರದಿಂದ ಕಾಣುವ ಗುರುತು ಮುಖ್ಯ, ಸ್ಥಳಪುರಾಣ ಅಲ್ಲ.

1810ರಲ್ಲಿ ಕಂಪನಿ ಹಾರ್ಸ್‌ಬರ್ಗ್‌ನನ್ನು ತನ್ನ ಹೈಡ್ರೋಗ್ರಾಫರ್ ಮಾಡಿತು. ಇಲ್ಲಿಂದ ಮುಂದಿನ 26 ವರ್ಷ ಆತ ಮಾಡಿದ ಕೆಲಸದಲ್ಲಿ ಸಾಹಸ ಏನೂ ಇಲ್ಲ. ಹಡಗು ಬಂದಂತೆ ದಿನಚರಿ ಓದುವುದು, ತಾಳೆ ನೋಡುವುದು, ನಕ್ಷೆ ತಿದ್ದುವುದು, ಪುಸ್ತಕ ತಿದ್ದುವುದು. ತನ್ನ ಹೆಸರಿನಲ್ಲಿ ಅಚ್ಚಾದ ಮಾತನ್ನು ಹೊಸ ಕಪ್ತಾನನೊಬ್ಬ ಸುಳ್ಳು ಮಾಡಿದರೆ, ಅವನ ಅಳತೆ ಸರಿಯಿದೆಯೇ ನೋಡಿ, ಸರಿಯಿದ್ದರೆ ತನ್ನದನ್ನು ಹೊಡೆದು ಹಾಕುವುದು. 1817, 1826-27, 1836 - ಹೀಗೆ ಆವೃತ್ತಿಯ ಮೇಲೆ ಆವೃತ್ತಿ. ಕೊನೆಯ ದಿನಗಳಲ್ಲೂ ನಾಲ್ಕನೆಯ ಆವೃತ್ತಿಯ ಕೆಲಸದಲ್ಲೇ ಇದ್ದ. 1836ರ ಮೇ ತಿಂಗಳಲ್ಲಿ ತೀರಿಕೊಂಡ. ಹಡಗು ಒಡೆದು ಆಗಲೇ ಐವತ್ತು ವರ್ಷವಾಗಿತ್ತು.

ಇಷ್ಟಾದರೂ ಒಂದು ಕೊರತೆ ಇತ್ತು. ಪುಸ್ತಕದ ಹೊಸ ಆವೃತ್ತಿ ಬರುವುದು ಒಂಬತ್ತು ಹತ್ತು ವರ್ಷಕ್ಕೊಮ್ಮೆ. ನಡುವೆ ಹೊಸ ಬಂಡೆ ಸಿಕ್ಕಿದರೆ? ಕಡಲು ಸುಮ್ಮನಿರುವುದಿಲ್ಲ. ಗಂಗೊಳ್ಳಿಯ ಅಳಿವೆ ನೋಡಿದವರಿಗೆ ಗೊತ್ತು, ಒಂದು ಮಳೆಗಾಲ ಕಳೆದರೆ ಮರಳಿನ ದಿಬ್ಬ ಜಾಗ ಬದಲಿಸಿರುತ್ತದೆ. ಹೋದ ವರ್ಷದ ದಾರಿಯಲ್ಲಿ ಈ ವರ್ಷ ದೋಣಿ ಒಯ್ದರೆ ಮಗುಚುವುದೇ ಸೈ. ಇದಕ್ಕೆ ಮದ್ದಾಗಿ ಬ್ರಿಟಿಷ್ ನೌಕಾದಳದ ನಕ್ಷೆ ಇಲಾಖೆ 1834ರಲ್ಲಿ ‘ನೋಟಿಸ್ ಟು ಮ್ಯಾರಿನರ್ಸ್’ ಹೊರಡಿಸಲು ಶುರು ಮಾಡಿತು. ಹೊಸ ದೀಪ, ಹೊಸ ಬಂಡೆ, ಕಿತ್ತುಹೋದ ಬೋಯ - ಇಂಥದ್ದರ ಸುದ್ದಿ ಸಣ್ಣ ಚೀಟಿಯಲ್ಲಿ. ಹಡಗಿನವನು ತನ್ನ ನಕ್ಷೆಯನ್ನು ತಾನೇ ತಿದ್ದಿಕೊಳ್ಳಬೇಕು.

ಈ ಪದ್ಧತಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಡಗಿನ ಸೆಕೆಂಡ್ ಆಫೀಸರುಗಳು ವಾರದ ನೋಟಿಸ್ ಬಂದ ಕೂಡಲೇ ಸಣ್ಣ ಮೊನೆಯ ಪೆನ್ನು, ನೇರಳೆ ಬಣ್ಣದ ಶಾಯಿ ಹಿಡಿದು ಕೂರುತ್ತಿದ್ದರು. ತಿದ್ದಿದ ಮೇಲೆ ನಕ್ಷೆಯ ಕೆಳಗಿನ ಎಡ ಮೂಲೆಯಲ್ಲಿ ವರ್ಷ, ನೋಟಿಸಿನ ಸಂಖ್ಯೆ ಬರೆಯಬೇಕು. ಆ ಮೂಲೆ ನೋಡಿದರೆ ಸಾಕು, ಈ ನಕ್ಷೆ ಯಾವ ದಿನದವರೆಗೆ ನಂಬಬಹುದು ಎಂದು ಗೊತ್ತಾಗುತ್ತದೆ. ಇನ್ನೊಂದು ಜಾಣತನ ಏನೆಂದರೆ, ಪ್ರತಿ ನೋಟಿಸಿನಲ್ಲೂ ಇದೇ ನಕ್ಷೆಗೆ ಹಿಂದಿನ ತಿದ್ದುಪಡಿಯ ಸಂಖ್ಯೆ ಯಾವುದು ಎಂದೂ ಅಚ್ಚಾಗಿರುತ್ತದೆ. ನಿಮ್ಮ ನಕ್ಷೆಯ ಮೂಲೆಯಲ್ಲಿ ಆ ಸಂಖ್ಯೆ ಇಲ್ಲವೇ? ಅಂದರೆ ನಡುವೆ ಒಂದು ತಪ್ಪಿಹೋಗಿದೆ. ಮೊದಲು ಅದನ್ನು ಹುಡುಕಿ ತಿದ್ದಿ. ಮರೆವು ತಾನಾಗಿಯೇ ಸಿಕ್ಕಿಬೀಳುವ ಹಾಗೆ ಮಾಡಿದ ಏರ್ಪಾಡು ಇದು. ನನ್ನ ಸೋದರಳಿಯನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸರಿ, ಸುಳ್ಳನ್ನು ಅಳಿಸುವ ಮಾತು. ನಕ್ಷೆಯಲ್ಲಿ ಒಂದು ದ್ವೀಪ ಇದೆ, ಆದರೆ ನೂರು ವರ್ಷದಿಂದ ಯಾರೂ ಕಂಡಿಲ್ಲ. ಅಳಿಸಬೇಕೋ ಬೇಡವೋ? ಇರುವುದನ್ನು ಇಲ್ಲವೆಂದರೆ ಹಡಗು ಒಡೆಯುತ್ತದೆ. ಇಲ್ಲದ್ದನ್ನು ಇದೆಯೆಂದರೆ ಹಡಗು ಸುತ್ತಿಕೊಂಡು ಹೋಗುತ್ತದೆ, ಅಷ್ಟೆ. ಹಾಗಾಗಿ ನಕ್ಷೆ ಮಾಡುವವರು ಅಳಿಸಲು ಹೆದರುತ್ತಿದ್ದರು. ಬದಲಿಗೆ ಪಕ್ಕದಲ್ಲಿ ಎರಡು ಅಕ್ಷರ ಬರೆಯುತ್ತಿದ್ದರು - ‘ಪಿ.ಡಿ.’ ಅಂದರೆ ಜಾಗದ ಬಗ್ಗೆ ಸಂಶಯ, ‘ಇ.ಡಿ.’ ಅಂದರೆ ಇದೆಯೋ ಇಲ್ಲವೋ ಎಂಬುದೇ ಸಂಶಯ. (ಈಗಿನ ಇ.ಡಿ. ಬಾಗಿಲಿಗೆ ಬಂದರೆ ಇರುವವರಿಗೂ ಸಂಶಯ ಬರುತ್ತದೆ, ಅದು ಬೇರೆ!) 1875ರಲ್ಲಿ ಬ್ರಿಟಿಷ್ ಹೈಡ್ರೋಗ್ರಾಫರ್ ಫ್ರೆಡರಿಕ್ ಇವಾನ್ಸ್ ಧೈರ್ಯ ಮಾಡಿ ಪೆಸಿಫಿಕ್ ಸಾಗರದ ನಕ್ಷೆಯಿಂದ ಇಂಥ 123 ದ್ವೀಪಗಳನ್ನು ಒಂದೇ ಏಟಿಗೆ ತೆಗೆಸಿದ. ಅವುಗಳಲ್ಲಿ ಮೂರು ನಿಜವಾಗಿಯೂ ಇದ್ದವು! ಆಮೇಲೆ ಮತ್ತೆ ಸೇರಿಸಬೇಕಾಯಿತು. ಅಳಿಸುವ ಕೆಲಸ ಬರೆಯುವ ಕೆಲಸಕ್ಕಿಂತ ಕಷ್ಟ ಎನ್ನುವುದು ಇದಕ್ಕೇ.

ಅಳಿಸದೇ ಉಳಿದರೆ ಏನಾಗುತ್ತದೆ ಎಂಬುದಕ್ಕೂ ಕಥೆ ಇದೆ. ಆಸ್ಟ್ರೇಲಿಯಾ ಮತ್ತು ನ್ಯೂ ಕ್ಯಾಲೆಡೋನಿಯಾ ನಡುವೆ ‘ಸ್ಯಾಂಡಿ ಐಲ್ಯಾಂಡ್’ ಎಂದು ಒಂದು ದ್ವೀಪ. 1876ರಲ್ಲಿ ‘ವೆಲಾಸಿಟಿ’ ಎಂಬ ತಿಮಿಂಗಿಲ ಬೇಟೆಯ ಹಡಗಿನವರು ಕಂಡೆವೆಂದು ತಿಳಿಸಿದ್ದರು. ಫ್ರೆಂಚರು ತಮ್ಮ ನಕ್ಷೆಯಿಂದ ಅದನ್ನು 1970ರ ದಶಕದಲ್ಲೇ ತೆಗೆದಿದ್ದರು. ಆದರೆ ಬೇರೆ ಬೇರೆ ಸಂಗ್ರಹಗಳಿಗೆ ಆಗಲೇ ನಕಲಾಗಿತ್ತಲ್ಲ! ಗೂಗಲ್ ನಕ್ಷೆಗೂ ಅದು ಬಂತು. 2012ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳ ಹಡಗೊಂದು ಆ ಜಾಗಕ್ಕೇ ಹೋಗಿ ನೋಡಿದರೆ, ಅಲ್ಲಿ ಸಾವಿರ ಮೀಟರಿಗೂ ಹೆಚ್ಚು ಆಳದ ನೀರು.

ಅದಾಗಿ ಎರಡೇ ತಿಂಗಳು. 2013ರ ಜನವರಿ 17ರಂದು ಅಮೆರಿಕದ ನೌಕಾದಳದ ‘ಗಾರ್ಡಿಯನ್’ ಎಂಬ ಹಡಗು ಫಿಲಿಪ್ಪೀನ್ಸಿನ ತುಬ್ಬತಾಹ ಹವಳದ ದಿಬ್ಬಕ್ಕೆ ಹತ್ತಿ ಕೂತಿತು. ಜಗತ್ತಿನ ಅತ್ಯಂತ ಶ್ರೀಮಂತ ನೌಕಾದಳ, ಉಪಗ್ರಹ, ಕಂಪ್ಯೂಟರು ಎಲ್ಲ ಇತ್ತು. ಆದರೆ ಅವರ ಕಂಪ್ಯೂಟರ್ ನಕ್ಷೆಯಲ್ಲಿ ಆ ದಿಬ್ಬ ಸುಮಾರು ಎಂಟು ನಾಟಿಕಲ್ ಮೈಲು ಆಚೆ ಕೂತಿತ್ತು. ಇನ್ನೂ ನೋವಿನ ಸಂಗತಿ ಎಂದರೆ, ನಕ್ಷೆ ಮಾಡುವ ಸಂಸ್ಥೆಗೆ ಆ ತಪ್ಪು 2011ರಲ್ಲೇ ಗೊತ್ತಾಗಿತ್ತು. ಒಂದು ಅಳತೆಯ ನಕ್ಷೆಯಲ್ಲಿ ತಿದ್ದಿದ್ದರು, ಇನ್ನೊಂದು ಅಳತೆಯದರಲ್ಲಿ ತಿದ್ದಿರಲಿಲ್ಲ. ದಿಬ್ಬ ಬೇರೆಡೆ ಇದೆ ಎಂದು ಸಾರುವ ಉಳಿದ ಗುರುತುಗಳನ್ನು ಹಡಗಿನವರೂ ಗಮನಿಸಲಿಲ್ಲ. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಹಡಗನ್ನು ಅಲ್ಲೇ ಕತ್ತರಿಸಿ ತೆಗೆಯಬೇಕಾಯಿತು. ನೂರಾರು ವರ್ಷ ಬೆಳೆದ ಹವಳ ಪುಡಿಯಾಯಿತು.

ಇದನ್ನು ಓದಿದಾಗ ನನಗೆ ನಮ್ಮ ಆಫೀಸು ನೆನಪಾಯಿತು. ನಮ್ಮಲ್ಲಿ ಒಂದು ದಪ್ಪ ‘ಪೋರ್ಟ್ ರಿಜಿಸ್ಟರ್’ ಇತ್ತು. ಯಾವ ಬಂದರಿನಲ್ಲಿ ಎಷ್ಟು ಆಳ, ಯಾವ ಜೆಟ್ಟಿಗೆ ಎಷ್ಟು ಉದ್ದದ ಹಡಗು, ಪೈಲಟ್ ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ವಯಸ್ಸಾದ ಪಾರ್ಸಿ ಹೆಡ್ ಕ್ಲಾರ್ಕು. ಪ್ರತಿ ಸಾಲಿನ ಮುಂದೆ ತಾರೀಖು, ಯಾರು ಹೇಳಿದ್ದು, ತಮ್ಮ ಸಣ್ಣ ಸಹಿ. ಆರು ತಿಂಗಳಿಗೊಮ್ಮೆ ಎಲ್ಲ ಬಂದರುಗಳಿಗೂ ಕಾಗದ ಬರೆದು "ಇದು ಈಗಲೂ ಸರಿಯೇ?" ಎಂದು ಕೇಳುತ್ತಿದ್ದರು. ಸರಿ ಎಂದು ಉತ್ತರ ಬಂದರೂ ಹೊಸ ತಾರೀಖು ಹಾಕುತ್ತಿದ್ದರು. "ಬಾವಾಜಿ, ಏನೂ ಬದಲಾಗಿಲ್ಲವಲ್ಲ, ಮತ್ತ್ಯಾಕೆ ಬರೀತೀರಿ?" ಎಂದು ನಾನು ಕೇಳಿದ್ದಕ್ಕೆ, "ಬದಲಾಗಿಲ್ಲ ಅಂತ ಇವತ್ತು ಗೊತ್ತಾಯ್ತಲ್ಲ ಡೀಕ್ರಾ, ಅದನ್ನೇ ಬರೀತಿದ್ದೇನೆ" ಅಂದಿದ್ದರು.

ಅವರು ರಿಟೈರ್ ಆದ ಮೇಲೆ ಮೇಲಿನವರು ರಿಜಿಸ್ಟರನ್ನು ಟೈಪ್ ಮಾಡಿಸಿ ಪ್ರತಿ ಟೇಬಲ್ಲಿಗೂ ಒಂದೊಂದು ಪ್ರತಿ ಕೊಟ್ಟರು. ಟೈಪ್ ಮಾಡಿದ ಪ್ರತಿ ಅಚ್ಚುಕಟ್ಟಾಗಿತ್ತು. ತಾರೀಖು, ಸಹಿ ಇರಲಿಲ್ಲ, ಜಾಗ ಸಾಲದೆಂದು ಬಿಟ್ಟಿದ್ದರು. ಮುಂದೆ ಒಂದು ಸಣ್ಣ ಬಂದರಿನಲ್ಲಿ ಹೂಳು ತುಂಬಿ ಆಳ ಕಡಿಮೆಯಾಯಿತು. ಒಂದು ಪ್ರತಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ತಿದ್ದಿದರು, ಉಳಿದವು ಹಾಗೇ ಇದ್ದವು. ತಿದ್ದದ ಪ್ರತಿ ನೋಡಿ ಮೇಲಿನವರು ಒಂದು ಹಡಗಿಗೆ ತುಂಬಾ ಸರಕು ಹೇರಲು ಒಪ್ಪಿಗೆ ಕೊಟ್ಟರು. ಹಡಗು ಬಂದರಿನ ಹೊರಗೆ ದೊಡ್ಡ ಭರತಕ್ಕಾಗಿ ದಿನಗಟ್ಟಲೆ ಕಾಯುತ್ತಾ ನಿಂತಿತು. ದಿನದ ಬಾಡಿಗೆಯ ಲೆಕ್ಕ ಕೇಳಿ ಎಲ್ಲರ ಮುಖ ಬಿಳಿಚಿತು. ಕೊನೆಗೆ ಬೈಸಿಕೊಂಡವನು ಟೈಪಿಸ್ಟ್, ಪಾಪ!

ಕಂಪನಿಯ ನಕ್ಷೆಗಳ ಗತಿಯೂ ಮುಂದೆ ಹೀಗೆಯೇ ಆಯಿತು. ಮುಂಬಯಿಯಲ್ಲಿ ನೆಲೆಯಿದ್ದ ಇಂಡಿಯನ್ ನೇವಿಯ ಅಧಿಕಾರಿಗಳು ಕೆಂಪು ಸಮುದ್ರ, ಮಾಲ್ಡೀವ್ಸ್, ಪರ್ಷಿಯಾದ ಕೊಲ್ಲಿ ಎಲ್ಲ ಅಳೆದಿದ್ದರು. ರಾಬರ್ಟ್ ಮೊರೆಸ್ಬಿಯ ತಂಡ 1837ರ ಸುಮಾರಿಗೆ ಹಾರ್ಸ್‌ಬರ್ಗ್‌ನ ಹಡಗು ಒಡೆದ ಆ ಚಾಗೋಸ್ ದ್ವೀಪಗಳನ್ನೂ ಅಳೆಯಿತು. 1857ರ ದಂಗೆಯ ನಂತರ ಕಂಪನಿಯ ಆಡಳಿತ ಮುಗಿಯಿತು. 1863ರಲ್ಲಿ ಖರ್ಚು ಉಳಿಸಲೆಂದು ಇಂಡಿಯನ್ ನೇವಿಯನ್ನೇ ಮುಚ್ಚಿದರು. ಅಳತೆಯ ಕೆಲಸ ನಿಂತಿತು. ನಕ್ಷೆ ಇತ್ತು, ನೋಡಿಕೊಳ್ಳುವವನಿರಲಿಲ್ಲ. ಹತ್ತು ವರ್ಷದಲ್ಲಿ ಹೊಸ ಬಂದರು, ಹೊಸ ದೀಪ, ಹಬೆ ಹಡಗು ಎಲ್ಲ ಬಂದವು. ನಕ್ಷೆ ಮಾತ್ರ ಹಳೆಯದು. ಕೊನೆಗೆ 1874ರಲ್ಲಿ ಕಲ್ಕತ್ತಾದಲ್ಲಿ ಮತ್ತೆ ಮರೀನ್ ಸರ್ವೆ ಇಲಾಖೆ ತೆರೆದರು. ಅದರ ಮುಖ್ಯಸ್ಥ ಡಂಡಾಸ್ ಟೇಲರ್, ಹಾರ್ಸ್‌ಬರ್ಗ್‌ನ ಪುಸ್ತಕವನ್ನೇ ಆಧಾರ ಮಾಡಿಕೊಂಡು ಹೊಸ ಡೈರೆಕ್ಟರಿ ತಂದ. ಆ ಇಲಾಖೆಯ ಇಂದಿನ ವಾರಸುದಾರ, 1954ರಲ್ಲಿ ಡೆಹ್ರಾಡೂನಿಗೆ ಹೋದ ನಮ್ಮ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸು. ಕಡಲೇ ಇಲ್ಲದ ಊರಿನಲ್ಲಿ ಕೂತು ಕಾರವಾರ, ಮಂಗಳೂರು ಬಂದರುಗಳ ನಕ್ಷೆಗೆ ತಿದ್ದುಪಡಿ ಹೊರಡಿಸುವವರು ಅವರೇ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಈ ಮದ್ದು ಹಡಗಿಗೆ ಮಾತ್ರ ಅಲ್ಲ. ಯಾರು ಹೇಳಿದ್ದು, ಎಂದು ಹೇಳಿದ್ದು ಎಂದು ಬರೆಯಬೇಕು. ಸಂಶಯವಿದ್ದರೆ ಸಂಶಯ ಎಂದೇ ಗುರುತು ಹಾಕಬೇಕು. ತಿದ್ದಿದರೆ ಎಲ್ಲ ಪ್ರತಿಯಲ್ಲೂ ತಿದ್ದಬೇಕು. ಎಲ್ಲಕ್ಕಿಂತ ಮೊದಲು, ಇದು ಇವರ ಕೆಲಸ ಎಂದು ಒಬ್ಬ ಮನುಷ್ಯನಿಗೆ ಸಂಬಳ ಕೊಟ್ಟು ಇಡಬೇಕು. ‘ಎಲ್ಲರೂ ನೋಡಿಕೊಳ್ಳಿ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ನಮ್ಮ ಉಪನಗರದ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನೇ ತೆಗೆದುಕೊಳ್ಳಿ. ವರ್ಷಾ ವರ್ಷಾ ಅಚ್ಚಾಗುತ್ತದೆ. ತೀರಿಹೋಗಿ ಎಷ್ಟೋ ವರ್ಷವಾದವರ ಮನೆಗೆ ಈಗಲೂ ಯುಗಾದಿಯ ಆಮಂತ್ರಣ ಹೋಗುತ್ತದೆ. ಗಂಡನ ಹೆಸರಿಗೆ ಬಂದ ಆ ಲಕೋಟೆಯನ್ನು ಬಾಗಿಲಲ್ಲಿ ತೆಗೆದುಕೊಳ್ಳುವ ಅಮ್ಮನಿಗೆ ಏನನ್ನಿಸುತ್ತದೋ. ಹೆಸರು ಹೊಡೆದು ಹಾಕಲು ಯಾರಿಗೂ ಮನಸ್ಸಾಗಿಲ್ಲ ಎಂದು ಕಾರ್ಯದರ್ಶಿಗಳು ಹೇಳುತ್ತಾರೆ. ಮನಸ್ಸಾಗದಿರುವುದು ಒಂದು, ಯಾರ ಕೆಲಸ ಎಂದು ಗೊತ್ತಿಲ್ಲದಿರುವುದು ಇನ್ನೊಂದು. ಮುಂದಿನ ಸಭೆಯಲ್ಲಿ ಈ ಮಾತು ಎತ್ತಬೇಕೆಂದಿದ್ದೇನೆ.

ಅಂದ ಹಾಗೆ, ಹಾರ್ಸ್‌ಬರ್ಗ್ ತೀರಿಕೊಂಡ ವರ್ಷವೇ ಚೀನಾದ ಕ್ಯಾಂಟನ್ನಿನಲ್ಲಿದ್ದ ವ್ಯಾಪಾರಿಗಳು ಅವನ ನೆನಪಿಗೆ ಏನಾದರೂ ಮಾಡಬೇಕೆಂದು ಚಂದಾ ಎತ್ತಿದರು. ಪ್ರತಿಮೆ ಮಾಡಿಸಲಿಲ್ಲ. ಸಿಂಗಾಪುರ ಜಲಸಂಧಿಯ ಪೂರ್ವ ಬಾಯಲ್ಲಿ, ಹಡಗುಗಳನ್ನು ಒಡೆಯುತ್ತಿದ್ದ ಪೆಡ್ರಾ ಬ್ರಾಂಕಾ ಎಂಬ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿದರು. 1851ರಲ್ಲಿ ಅದು ಬೆಳಗಿತು. 2008ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಆ ಬಂಡೆ ಮಲೇಷ್ಯಾದ್ದಲ್ಲ, ಸಿಂಗಾಪುರದ್ದು ಎಂದು ತೀರ್ಪು ಕೊಟ್ಟಿತು. ಒಂದೂವರೆ ಶತಮಾನ ದೀಪಸ್ತಂಭವನ್ನು ನೋಡಿಕೊಂಡು ಬಂದವರು ಯಾರು ಎಂಬುದೂ ಆ ತೀರ್ಪಿನಲ್ಲಿ ಲೆಕ್ಕಕ್ಕೆ ಬಂತು.

ನಿಮ್ಮ ಆಫೀಸಿನಲ್ಲಿ ಹೇಗೆ? ಅಳಿಸುವವರು ಯಾರಾದರೂ ಇದ್ದಾರೆಯೇ?